ಆಸ್ಪತ್ರೆಗೊಂದು, ಲಕ್ಕಿ ಡ್ರಾಗೊಂದು

ಬೆಳಿಗ್ಗೆ ಶಟರ್ ಎತ್ತಿ, ದೀಪ ಹಾಕಿ, ಒಗೆಯುವ ಯಂತ್ರಕ್ಕೆ ನೀರು ಬಿಟ್ಟು, ಲಾಂಡ್ರಿಯ ಒಡತಿ ಫೋನ್ ತೆಗೆದು ನೋಡಿದಳು. ನೂರ ನಲವತ್ತೇಳು ಮೇಲ್. ನಿನ್ನೆ ಸಂಜೆ ಬಾಗಿಲು ಹಾಕುವಾಗ ಎಲ್ಲವನ್ನೂ ಅಳಿಸಿಯೇ ಹೋಗಿದ್ದಳು.

"ಏನೇ, ಯಾರಾದ್ರೂ ಬರೆದಿದಾರಾ?" ಗಂಡ ಇಸ್ತ್ರಿಯ ಮೇಜಿನ ಹತ್ತಿರದಿಂದ ಕೇಳಿದ.

"ಬರೆದಿದಾರೆ. ಬೂಟು ಕೊಳ್ಳಿ ಅಂತ ಹನ್ನೊಂದು ಜನ. ಕೂದಲು ಬೆಳೆಸಿಕೊಳ್ಳಿ ಅಂತ ಆರು ಜನ. ನಿಮಗೆ ಲಾಟರಿ ಬಂದಿದೆ ಅಂತ ನಾಲ್ಕು ಜನ."

"ನಾಲ್ಕಾ? ಒಂದಾದ್ರೂ ನಿಜ ಇರ್ಬೋದು."

ಅವನು ಹಾಗೆಯೇ. ಎಲ್ಲಿ ಲಕ್ಕಿ ಡ್ರಾ ಪೆಟ್ಟಿಗೆ ಕಂಡರೂ ಚೀಟಿ ತುಂಬಿ ಹಾಕಿ ಬರುತ್ತಿದ್ದ. ಸೋಪಿನ ಕಂಪನಿಗೆ, ಬೂಟಿನ ಅಂಗಡಿಗೆ, ಹೊಸದಾಗಿ ತೆರೆದ ಪೀಠೋಪಕರಣದ ಮಳಿಗೆಗೆ, ಎಲ್ಲರಿಗೂ ಲಾಂಡ್ರಿಯ ಒಂದೇ ಇಮೇಲ್ ವಿಳಾಸ. ಅವಳೂ ಹಿಂದೆ ಬಿದ್ದವಳಲ್ಲ. ಕರೆಂಟಿನವರಿಗೆ, ಬಟನ್ ಮಾರುವವರಿಗೆ, ಯಂತ್ರದ ರಿಪೇರಿಯವರಿಗೆ, ಆಸ್ಪತ್ರೆಗೆ ಅದನ್ನೇ ಕೊಟ್ಟಿದ್ದಳು. ಇರುವುದು ಒಂದು ಅಂಗಡಿ, ವಿಳಾಸವೂ ಒಂದೇ ಸಾಕು ಎಂದುಕೊಂಡಿದ್ದಳು.

ಆಸ್ಪತ್ರೆಯ ಮೇಲಿಗಾಗಿ ಅವಳು ಐದು ತಿಂಗಳಿಂದ ಕಾಯುತ್ತಿದ್ದಳು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಹೆಸರು ಬರೆಸಿ ಆಗಿತ್ತು. ಸರದಿ ಬಂದಾಗ ಮೇಲ್ ಕಳಿಸುತ್ತೇವೆ, ಒಪ್ಪಿಗೆ ಬರೆದು ತಿಳಿಸಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಫೋನ್ ಮಾಡುವ ಪದ್ಧತಿ ಅಲ್ಲಿರಲಿಲ್ಲ.

ಅಂಗಡಿಯಲ್ಲಿ ಬಟ್ಟೆಗೆ ಗುರುತಿನ ಚೀಟಿ ಹಾಕುವ ಕೆಲಸ ಅತ್ತೆಯದು. ಈಚೆಗೆ ಚೀಟಿಯ ಅಂಕಿ ಅವರಿಗೆ ಕಾಣುತ್ತಿರಲಿಲ್ಲ. ಆದರೂ ಬಿಡುತ್ತಿರಲಿಲ್ಲ. ಬಟ್ಟೆಯನ್ನು ಮುಟ್ಟಿ, ಮೂಸಿ, ಇದು ಇಂಥವರದು ಎಂದು ಹೇಳಿಬಿಡುತ್ತಿದ್ದರು. ಹತ್ತರಲ್ಲಿ ಒಂಬತ್ತು ಸರಿಯಾಗಿರುತ್ತಿತ್ತು. ಹತ್ತನೆಯದರಲ್ಲಿ ಡಾಕ್ಟರರ ಕೋಟು ಬೇಕರಿಯವರ ಮನೆಗೆ ಹೋಗಿತ್ತು.

"ಬೇಕರಿಯವರು ಒಂದು ದಿನ ಡಾಕ್ಟರಾಗಿದ್ರೆ ಏನಾಯ್ತೀಗ?" ಎಂದು ಅತ್ತೆ ನಕ್ಕಿದ್ದರು. ಎಲ್ಲರೂ ನಕ್ಕಿದ್ದರು. ಸೊಸೆ ಮಾತ್ರ ಅವತ್ತಿನಿಂದ ಅತ್ತೆ ನಡೆಯುವುದನ್ನು ಗಮನಿಸತೊಡಗಿದಳು. ಅವರು ಮೇಜಿನ ಅಂಚು ಹಿಡಿದು ನಡೆಯುತ್ತಿದ್ದರು. ಒಳಗೆ ಹೋಗುವ ಎರಡು ಮೆಟ್ಟಿಲ ಹತ್ತಿರ ಬಂದಾಗ ಬಾಯಲ್ಲೇ ಒಂದು, ಎರಡು ಎಂದು ಎಣಿಸುತ್ತಿದ್ದರು.

ಇಷ್ಟು ಕಸದ ನಡುವೆ ಆಸ್ಪತ್ರೆಯ ಮೇಲ್ ಕಳೆದುಹೋದರೇನು ಗತಿ ಎಂಬ ದಿಗಿಲಿನಲ್ಲಿ ಅವಳು ಒಂದು ಉಪಾಯ ಮಾಡಿದಳು. ಕಸದ ಮೇಲುಗಳಲ್ಲಿ ಒಂದು ಮಾತು ತಪ್ಪದೆ ಇರುತ್ತಿತ್ತು. 'ಇಂದೇ ಕೊನೆಯ ದಿನ.' ರಿಯಾಯಿತಿಗೆ ಕೊನೆಯ ದಿನ, ಬಹುಮಾನಕ್ಕೆ ಕೊನೆಯ ದಿನ. ಓದಿದವಳು, ಫೋನಿನ ಸೆಟ್ಟಿಂಗ್ ಹುಡುಕುವುದು ಅವಳಿಗೆ ಕಷ್ಟವಾಗಲಿಲ್ಲ. 'ಕೊನೆಯ ದಿನ' ಎಂದಿರುವ ಮೇಲುಗಳೆಲ್ಲ ನೇರವಾಗಿ ಕಸದ ಬುಟ್ಟಿಗೆ ಹೋಗಲಿ ಎಂದು ನಿಯಮ ಹಾಕಿದಳು.

ಮರುದಿನ ಬಂದದ್ದು ಹನ್ನೆರಡೇ ಮೇಲ್. "ಭೇಷ್!" ಎಂದ ಗಂಡ. ಎರಡು ವಾರ ಅವಳು ನೆಮ್ಮದಿಯಾಗಿದ್ದಳು.

ಮೂರನೆಯ ವಾರ ಅದೇಕೋ ಮನಸ್ಸು ತಡೆಯದೆ ಆಸ್ಪತ್ರೆಗೆ ಫೋನ್ ಮಾಡಿದಳು.

"ಒಂಬತ್ತನೇ ತಾರೀಕೇ ನಿಮಗೆ ಮೇಲ್ ಹಾಕಿದ್ವಲ್ಲಮ್ಮ," ಎಂದಳು ಕೌಂಟರಿನ ಹುಡುಗಿ. "ಮೂರು ದಿನ ಕಾದ್ವಿ. ನೀವು ಒಪ್ಪಿಗೆ ಕಳಿಸಲಿಲ್ಲ. ನಿಮ್ಮ ಸರದಿ ಮುಂದಿನವರಿಗೆ ಹೋಯ್ತು."

ಅವಳು ಕಸದ ಬುಟ್ಟಿ ತೆರೆದು ನೋಡಿದಳು. ಬೂಟಿಗೂ ಲಾಟರಿಗೂ ನಡುವೆ ಅದು ಕುಳಿತಿತ್ತು. ಕಣ್ಣಿನ ವಿಭಾಗ. ಕೆಳಗಡೆ ಸಣ್ಣ ಅಕ್ಷರದಲ್ಲಿ: ಒಪ್ಪಿಗೆ ತಿಳಿಸಲು ಕೊನೆಯ ದಿನ, ಹನ್ನೆರಡನೇ ತಾರೀಕು.

"ಈಗೇನು ಮಾಡೋದು?" ಲೈನಿನಲ್ಲೇ ಇದ್ದ ಹುಡುಗಿಯನ್ನು ಕೇಳಿದಳು.

"ಹೊಸದಾಗಿ ಸರದಿಗೆ ಹಾಕಿದ್ರೆ ಏಳು ತಿಂಗಳಾಗುತ್ತೆ. ಆದ್ರೆ ಕೆಲವು ಸಲ ಯಾರಾದ್ರೂ ಜ್ವರ ಬಂದು ಬರೋದಿಲ್ಲ. ಅಂಥ ಜಾಗ ಖಾಲಿಯಾದ್ರೆ ಮೇಲ್ ಹಾಕ್ತೀವಿ. ನಾಲ್ಕು ಗಂಟೆಯೊಳಗೆ ಉತ್ತರ ಬರ್ಬೇಕು. ಬರದಿದ್ರೆ ಮುಂದಿನವರಿಗೆ."

ನಡೆದದ್ದನ್ನು ಅತ್ತೆಗೆ ಹೇಳುವಾಗ ಅವಳು ನೆಲ ನೋಡುತ್ತಿದ್ದಳು.

"ಹೋಗ್ಲಿ ಬಿಡು ಮಗಳೇ," ಎಂದರು ಅತ್ತೆ. "ಇಷ್ಟು ದಿನ ಇದ್ದ ಕಣ್ಣು ಇನ್ನೇಳು ತಿಂಗಳು ಎಲ್ಲಿಗೆ ಓಡಿಹೋಗುತ್ತೆ?"

ಆದರೆ ಅತ್ತೆ ಆಮೇಲೆ ಬಹಳ ಹೊತ್ತು ಒಂದೇ ಟವೆಲನ್ನು ಮಡಿಸುತ್ತಲೇ ಇದ್ದರು.

ಅದೇ ಹೊತ್ತಿಗೆ ಒಗೆಸಿದ ಹೊದಿಕೆ ತೆಗೆದುಕೊಂಡು ಹೋಗಲು ಎಕ್ಸ್‌ಚೇಂಜಮ್ಮ ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು, ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಒಬ್ಬರೇ ಎಂದರೆ, ಅವರೂ ಅವರ ಮೇಲ್ ಸರ್ವರ್ ಯಂತ್ರವೂ. ಬೀರುವಿನ ಪಕ್ಕ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಕಟ್ಟಡದ ಆರೂ ಅಂಗಡಿಗಳ ಮೇಲ್ ಅದರ ಮೂಲಕವೇ ಬಂದುಹೋಗುವಂತೆ ಮಾಡಿದ್ದರು. ನಮ್ಮ ಕಾಗದ ನಮ್ಮ ಕೈಯಲ್ಲೇ ಇರಲಿ ಎಂಬುದು ಅವರ ಹಟ.

ಸಂಗತಿ ಕೇಳಿ ಅವರು ಹೊದಿಕೆಯನ್ನು ಮೇಜಿನ ಮೇಲೆ ಹಾಗೇ ಇಟ್ಟು ಕುಳಿತರು.

"ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು?" ಎಂದ ಗಂಡ. "ಹಳೇ ವಿಳಾಸ ಬಿಸಾಕಿ ಹೊಸದು ಮಾಡಿದ್ರಾಯ್ತು."

"ಆ ಹೊಸದನ್ನ ನಾಳೆ ಬೂಟಿನ ಅಂಗಡಿಯ ಪೆಟ್ಟಿಗೆಗೆ ಹಾಕೋದು ಯಾರು?" ಎಂದರು ಎಕ್ಸ್‌ಚೇಂಜಮ್ಮ. "ನೀನೇ ತಾನೆ?"

ಅವನು ಇಸ್ತ್ರಿಪೆಟ್ಟಿಗೆಯನ್ನು ಸುಮ್ಮನೆ ಎತ್ತಿ ಇಟ್ಟ.

"ನೋಡಿ, ನೀವು ನೂರು ಜನರ ಬಟ್ಟೆಯನ್ನ ಒಂದೇ ಯಂತ್ರಕ್ಕೆ ಹಾಕ್ತೀರಿ. ಆದ್ರೂ ಯಾರದು ಯಾವುದು ಅಂತ ಗೊತ್ತಾಗುತ್ತೆ. ಯಾಕೆ? ಗಿರಾಕಿಗೊಂದು ಚೀಟಿ. ಮೇಲಿಗೂ ಹಾಗೇ ಮಾಡ್ಬೋದು. ಪೆಟ್ಟಿಗೆ ಒಂದೇ. ಆದ್ರೆ ಆಸ್ಪತ್ರೆಗೆ ಒಂದು ವಿಳಾಸ, ಸೋಪಿನವರಿಗೆ ಇನ್ನೊಂದು, ಬೂಟಿನವರಿಗೆ ಮತ್ತೊಂದು. ಎಲ್ಲ ಬಂದು ಬೀಳೋದು ನಿಮ್ಮ ಅದೇ ಪೆಟ್ಟಿಗೆಗೆ. ಕಂಪ್ಯೂಟರಿನವರು ಇದನ್ನ ಅಲಿಯಾಸ್ ಅಂತಾರೆ. ನಾವು ಅಡ್ಡವಿಳಾಸ ಅನ್ನೋಣ."

"ಅಷ್ಟು ಪಾಸ್‌ವರ್ಡ್ ಯಾರು ನೆನಪಿಡ್ತಾರೆ?" ಗಂಡ ಬಿಡಲಿಲ್ಲ. "ಒಂದು ನೆನಪಿಡೋದೇ ನನಗೆ ಸಾಕಾಗಿದೆ."

"ಪಾಸ್‌ವರ್ಡ್ ಒಂದೇನಪ್ಪ. ಪೆಟ್ಟಿಗೆ ಒಂದೇ ಅಂದ್ನಲ್ಲ. ಬೂಟಿನವರು ನಿಮ್ಮ ವಿಳಾಸ ಹತ್ತು ಜನಕ್ಕೆ ಹಂಚಿದ್ರು ಅಂತಿಟ್ಟುಕೋ. ಬೂಟಿನ ಅಡ್ಡವಿಳಾಸ ಮಾತ್ರ ಮುಚ್ಚೋದು. ಇಂಥವರು ಇಲ್ಲಿಲ್ಲ ಅಂತ ಸರ್ವರ್ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ಆಸ್ಪತ್ರೆಯದಕ್ಕೆ ಏನೂ ಆಗಲ್ಲ."

ಸೊಸೆ ಮೆಲ್ಲಗೆ ಹೇಳಿದಳು, "ಅಕ್ಕಾ, ಇದನ್ನ ನೀವು ಹೋದ ವರ್ಷವೇ ಹೇಳಿದ್ರಿ. ನಾನು ಒಂದು ಸಲ ಮೇಲೆ ಬಂದೂ ಇದ್ದೆ. ಅವತ್ತು ನೀವು ಒಲೆ ಆರಿಸಿ, ಕನ್ನಡಕ ಹುಡುಕಿ, ಕಂಪ್ಯೂಟರಿನ ಮುಂದೆ ಕೂತು ಮಾದರಿಗೆ ಒಂದು ವಿಳಾಸ ಬರೆದುಕೊಟ್ರಿ. ಅರ್ಧ ಗಂಟೆ ಆಯ್ತು. ಪ್ರತಿ ಅಂಗಡಿಗೂ ಹೀಗೆ ಬಂದು ನಿಮಗೆ ತೊಂದರೆ ಕೊಡೋಕೆ ಮನಸ್ಸು ಬರಲಿಲ್ಲ."

ಎಕ್ಸ್‌ಚೇಂಜಮ್ಮ ಹೊದಿಕೆಯನ್ನು ಪಕ್ಕಕ್ಕೆ ಸರಿಸಿದರು.

"ಹಾಗಾದ್ರೆ ಇದರಲ್ಲಿ ನನ್ನ ತಪ್ಪೂ ಇದೆ," ಎಂದರು. "ನಾನು ಕೆಲಸಕ್ಕೆ ಸೇರಿದಾಗ ಪ್ರತಿ ಕರೆಗೂ ನಾವೇ ಕೈಯಲ್ಲಿ ತಂತಿ ಚುಚ್ಚಿ ಲೈನು ಜೋಡಿಸಬೇಕಿತ್ತು. ಜನ ಸಂಕೋಚ ಪಡ್ತಿದ್ರು. ತುಂಬ ಜರೂರಿದ್ರೆ ಮಾತ್ರ ಕರೆ ಮಾಡ್ತಿದ್ರು. ಆಮೇಲೆ ತಾನಾಗೇ ಜೋಡಿಸೋ ಯಂತ್ರ ಬಂತು ನೋಡಿ, ಊರಿಗೆ ಊರೇ ಮಾತಾಡೋಕೆ ಶುರು ಮಾಡ್ತು. ಇಷ್ಟು ಕಂಡವಳು ನಾನೇ ಮೂರನೇ ಮಹಡಿಯಲ್ಲಿ ಕೂತು ಕೈಯಲ್ಲಿ ತಂತಿ ಚುಚ್ತಾ ಇದೀನಲ್ಲ!"

ವಾರದ ರಜೆಯ ಮಧ್ಯಾಹ್ನ ಮೂವರೂ ಮೇಲೆ ಹೋದರು. ಅತ್ತೆಯನ್ನು ಕೈ ಹಿಡಿದು ಹತ್ತಿಸಿಕೊಂಡು ಹೋದದ್ದು ಸೊಸೆ. ಎಕ್ಸ್‌ಚೇಂಜಮ್ಮ ಬೆಳಿಗ್ಗೆಯಿಂದಲೇ ಕುಳಿತು ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದರು. ಫೋನಿನಲ್ಲಿ ತೆರೆದರೆ ಒಂದೇ ಪುಟ. ಆರು ಅಂಗಡಿಯವರು ಮಾತ್ರ, ತಮ್ಮ ತಮ್ಮ ಪಾಸ್‌ವರ್ಡ್ ಹಾಕಿ ಒಳಗೆ ಬರಬಹುದು. ಅದರಲ್ಲಿ 'ಯಾರಿಗೆ ಕೊಡುತ್ತೀರಿ?' ಎಂಬ ಒಂದು ಖಾನೆ, ಕೆಳಗೆ ಒಂದು ಗುಂಡಿ.

"ಆಸ್ಪತ್ರೆ ಅಂತ ಬರೆದು ಒತ್ತು," ಎಂದರು.

ಒತ್ತಿದಳು. ರೆಪ್ಪೆ ಬಡಿಯುವಷ್ಟರಲ್ಲಿ ಹೊಸ ವಿಳಾಸ ಬಂತು. ಮೊದಲು ಲಾಂಡ್ರಿಯ ಹೆಸರು, ಆಮೇಲೆ ಆಸ್ಪತ್ರೆ, ಕೊನೆಯಲ್ಲಿ ನಾಲ್ಕು ಅಂಕಿ. ಯಾವತ್ತು, ಯಾರಿಗಾಗಿ ಮಾಡಿದ್ದು ಎಂಬುದು ಕೆಳಗಿನ ಪಟ್ಟಿಯಲ್ಲಿ ತಾನಾಗಿಯೇ ಸೇರಿತು.

"ಅಂಕಿ ಯಾಕೆ? ಚಂದ ಕೆಟ್ಟೋಯ್ತು," ಎಂದ ಗಂಡ.

"ಅಂಕಿ ಇಲ್ಲದಿದ್ರೆ ಕಸ ಕಳಿಸೋರು ಊಹೆ ಮಾಡ್ತಾರೆ. ಲಾಂಡ್ರಿ ಆಸ್ಪತ್ರೆ, ಲಾಂಡ್ರಿ ಬ್ಯಾಂಕು, ಲಾಂಡ್ರಿ ಶಾಲೆ, ಹೀಗೆ ಒಂದೊಂದಕ್ಕೂ ಕಳಿಸಿ ನೋಡ್ತಾರೆ. ನಾಲ್ಕು ಅಂಕಿ ಊಹಿಸೋದು ಅಷ್ಟು ಸುಲಭ ಅಲ್ಲ."

ಅವಳಿಗೆ ಒಂದು ಅನುಮಾನ. ಅಂಗಡಿಯದಲ್ಲದ ತನ್ನ ಸ್ವಂತ ಇಮೇಲಿನಿಂದ ಹೊಸ ವಿಳಾಸಕ್ಕೆ ಒಂದು ಸಾಲು ಬರೆದು ಕಳಿಸಿದಳು. ಕಾದರು. ಬರಲಿಲ್ಲ. ಇನ್ನೂ ಕಾದರು. ಇಂಥ ವಿಳಾಸವೇ ಇಲ್ಲ ಎಂದು ವಾಪಸ್ ಬಂತು.

"ನಾನು ಹೇಳ್ಲಿಲ್ವಾ?" ಗಂಡನ ಮುಖ ಅರಳಿತು. "ಯಂತ್ರ ನಂಬಿದ್ರೆ ಇದೇ ಗತಿ."

"ನೀವೇನೂ ಹೇಳಿರ್ಲಿಲ್ಲ. ಅಂಕಿ ಚಂದ ಇಲ್ಲ ಅಂದ್ರಿ ಅಷ್ಟೇ," ಎಂದಳು ಅವಳು.

ಎಕ್ಸ್‌ಚೇಂಜಮ್ಮ ಕನ್ನಡಕ ಮೇಲೇರಿಸಿ ನೋಡಿ, ಹಣೆ ಚಚ್ಚಿಕೊಂಡರು. ಪ್ರೋಗ್ರಾಂ ಹೊಸ ವಿಳಾಸವನ್ನು ಪಟ್ಟಿಗೇನೋ ಬರೆದಿತ್ತು, ಆದರೆ ಪಟ್ಟಿ ಬದಲಾಗಿದೆ, ಮತ್ತೆ ಓದು ಎಂದು ಸರ್ವರ್ ಯಂತ್ರಕ್ಕೆ ಹೇಳುವ ಸಾಲು ಬಿಟ್ಟುಹೋಗಿತ್ತು. "ಕೈಯಲ್ಲಿ ಮಾಡುವಾಗ ಮಾಡ್ತಿದ್ದೆ. ಅಭ್ಯಾಸವಾಗಿ ಹೋಗಿತ್ತು, ಅದೊಂದು ಕೆಲಸ ಅಂತಲೇ ನೆನಪಾಗಲಿಲ್ಲ." ಸಾಲು ಸೇರಿಸಿದರು. ಈ ಸಲ ಮೇಲ್ ಬಂತು.

"ಅಕ್ಕಾ, ಒಂದು ಮಾತು," ಎಂದಳು ಸೊಸೆ. "ನಾನು ಅನುಮಾನದವಳು, ಪರೀಕ್ಷೆ ಮಾಡಿದೆ. ಬೇರೆಯವರು ಮಾಡಲ್ಲ. ಕೆಲಸ ಮಾಡದ ವಿಳಾಸ ಕೊಟ್ಟು ಬಂದುಬಿಡ್ತಾರೆ. ಯಂತ್ರವೇ ಮೊದಲು ಒಂದು ಮೇಲ್ ಕಳಿಸಿ, ಅದು ಬಂದು ತಲುಪಿದ ಮೇಲೇ ವಿಳಾಸ ತೋರಿಸಿದ್ರೆ?"

ಎಕ್ಸ್‌ಚೇಂಜಮ್ಮ ಅವಳನ್ನೇ ನೋಡಿದರು. "ನೀನು ಎಕ್ಸ್‌ಚೇಂಜಿನಲ್ಲಿ ಇರಬೇಕಿತ್ತು ಕಣೇ."

ಅದನ್ನೂ ಬರೆದರು. ಮುಚ್ಚುವ ಗುಂಡಿಯನ್ನೂ, ತಪ್ಪಿ ಮುಚ್ಚಿದರೆ ಮತ್ತೆ ತೆರೆಯುವ ಗುಂಡಿಯನ್ನೂ ಇಟ್ಟರು. ಎರಡನೆಯದು ಗಂಡನಿಗಾಗಿ ಎಂದು ಅತ್ತೆ ಹೇಳಿದರು. ಕೊನೆಗೆ, ಕಂಪ್ಯೂಟರ್ ಕೆಟ್ಟರೂ ಪಟ್ಟಿ ಹಾಳಾಗದಂತೆ ದಿನಕ್ಕೊಂದು ಪ್ರತಿ ಬೇರೆ ಕಡೆ ತಾನಾಗಿಯೇ ಉಳಿಯುವಂತೆ ಮಾಡಿದರು.

ಮರುದಿನ ಅವಳು ಆಸ್ಪತ್ರೆಗೆ ತಾನೇ ಹೋಗಿ ವಿಳಾಸ ಬದಲಾಯಿಸಿದಳು. ಅಲ್ಲೇ ನಿಂತು ಒಂದು ಮೇಲ್ ಕಳಿಸಿ ಎಂದು ಕೌಂಟರಿನ ಹುಡುಗಿಯನ್ನು ಕೇಳಿಕೊಂಡಳು. ಹುಡುಗಿ ಕಳಿಸಿದಳು, ಇವಳ ಕೈಯಲ್ಲಿದ್ದ ಫೋನ್ ಗಣಗಣ ಎಂದಿತು. ಆ ವಿಳಾಸಕ್ಕೆ ಬಂದದ್ದಕ್ಕೆ ಮಾತ್ರ ಅವಳು ಜೋರು ಗಂಟೆ ಇಟ್ಟಿದ್ದಳು. 'ಕೊನೆಯ ದಿನ'ದ ನಿಯಮವನ್ನು ಕಿತ್ತುಹಾಕಿದಳು. ಕರೆಂಟು, ಬಟನ್ನು, ರಿಪೇರಿ, ಒಬ್ಬೊಬ್ಬರಿಗೂ ಒಂದೊಂದು ವಿಳಾಸ ಕೊಡುತ್ತ ಬಂದಳು. ಹಳೆಯದನ್ನು ಒಮ್ಮೆಲೇ ಮುಚ್ಚಲಿಲ್ಲ. ಯಾರಾದರೂ ಮರೆತಿದ್ದಾರು ಎಂದು ಒಂದು ತಿಂಗಳು ತೆರೆದೇ ಇಟ್ಟಳು.

ಗಂಡನೂ ಒಂದು ಅಡ್ಡವಿಳಾಸ ಮಾಡಿಕೊಂಡ. ಯಾರಿಗೆ ಎಂಬ ಖಾನೆಯಲ್ಲಿ ಲಕ್ಕಿ ಡ್ರಾ ಎಂದು ಬರೆದ. ಫ್ರಿಜ್ಜಿನ ಅಂಗಡಿಯ ಪೆಟ್ಟಿಗೆಗೆ ಚೀಟಿಯನ್ನೂ ಹಾಕಿ ಬಂದ.

ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಬೆಳಿಗ್ಗೆ ಗಂಡ ಫೋನ್ ಹಿಡಿದು ಓಡಿ ಬಂದ.

"ಬಂತು! ಬಂತು ಕಣೇ! ಅಮ್ಮನ ಕಣ್ಣಿಂದು! ನಿಮ್ಮ ಆಪರೇಷನ್ ದಿನ ಖಚಿತಪಡಿಸಲು ಇಲ್ಲಿ ಒತ್ತಿ ಅಂತ ಇದೆ. ಒತ್ತಿಬಿಡ್ಲಾ?"

ಕೈ ಚಾಚಿದವಳು ತಡೆದಳು. ಆಸ್ಪತ್ರೆಯ ಜೋರು ಗಂಟೆ ಬಾರಿಸಿರಲಿಲ್ಲ.

"ಸ್ವಲ್ಪ ಇರಿ ರೀ. ಇದು ಯಾವ ವಿಳಾಸಕ್ಕೆ ಬಂದಿದೆ, ಮೇಲೆ ನೋಡಿ."

ಅವನು ನೋಡಿದ. ಇನ್ನೊಮ್ಮೆ ನೋಡಿದ. ಸ್ವರ ಇಳಿಯಿತು. "ಲಕ್ಕಿ ಡ್ರಾ."

"ಲಕ್ಕಿ ಡ್ರಾದ ವಿಳಾಸ ಆಸ್ಪತ್ರೆಗೆ ಹೇಗೆ ಗೊತ್ತು?"

ಅವನು ಬೆರಳನ್ನು ಪರದೆಯಿಂದ ಹಿಂದೆಳೆದುಕೊಂಡ. ಅವಳು ಅಷ್ಟಕ್ಕೇ ಬಿಡಲಿಲ್ಲ, ಆಸ್ಪತ್ರೆಗೆ ಫೋನ್ ಮಾಡಿ ಕೇಳಿದಳು. "ನಾವು ಏನೂ ಕಳಿಸಿಲ್ಲ. ಒತ್ತಬೇಡಿ, ಒತ್ತಿದ್ರೆ ಬ್ಯಾಂಕಿನ ವಿವರ ಕೇಳ್ತಾರೆ. ನಿನ್ನೆಯಿಂದ ಮೂರನೆಯವರು ನೀವು," ಎಂದಳು ಹುಡುಗಿ. ಊರಿಗೆಲ್ಲ ಒಂದೇ ಬಲೆ ಬೀಸಿದ್ದರು. ಕಾಯುವ ಮನೆಗಳು ಸಿಕ್ಕಿಬಿದ್ದಾವು ಎಂದು.

ಗಂಡ ತಾನಾಗಿಯೇ ಪುಟ ತೆರೆದು ಲಕ್ಕಿ ಡ್ರಾ ಎಂಬುದರ ಮುಂದಿನ ಮುಚ್ಚುವ ಗುಂಡಿ ಒತ್ತಿದ. ಆಮೇಲೆ ಪಟ್ಟಿಯಲ್ಲಿ ಆಸ್ಪತ್ರೆಯದು ತೆರೆದೇ ಇದೆಯೇ ಎಂದು ಎರಡು ಸಲ ನೋಡಿದ.

"ಇದೇನಾದ್ರೂ ಹಳೇ ವಿಳಾಸಕ್ಕೆ ಬಂದಿದ್ರೆ ಒತ್ತಿಬಿಡ್ತಿದ್ದೆ ಕಣೇ," ಎಂದ.

"ನಾನೂ ಒತ್ತಿಬಿಡ್ತಿದ್ದೆ," ಎಂದಳು ಅವಳು. ಅದು ನಿಜವಾಗಿತ್ತು.

ಎರಡು ದಿನ ಬಿಟ್ಟು, ಹಗಲು ಹನ್ನೆರಡು ಹೊಡೆದು ಹತ್ತು ನಿಮಿಷಕ್ಕೆ, ಲಾಂಡ್ರಿಯಲ್ಲಿ ಗಣಗಣ ಗಂಟೆ ಬಾರಿಸಿತು. ಅಂಗಿ ತೆಗೆದುಕೊಳ್ಳಲು ಬಂದಿದ್ದ ಗಿರಾಕಿ ಬೆಚ್ಚಿಬಿದ್ದರು. ಗಂಡ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಂದ. ಅವಳು ವಿಳಾಸ ನೋಡಿದಳು, ಆಸ್ಪತ್ರೆಯದೇ. ಕಳಿಸಿದವರ ಹೆಸರು ನೋಡಿದಳು. ಒತ್ತಿ ಎಂಬ ಮಾತು ಎಲ್ಲೂ ಇರಲಿಲ್ಲ. ಒಂದು ಜಾಗ ಖಾಲಿಯಾಗಿದೆ, ನಾಡಿದ್ದು ಬೆಳಿಗ್ಗೆ ಎಂಟಕ್ಕೆ ಬರಲು ಸಾಧ್ಯವೇ, ಉತ್ತರ ಬರೆಯಿರಿ ಎಂದಿತ್ತು.

"ಬರುತ್ತೇವೆ" ಎಂದು ಬರೆದು ಕಳಿಸಿದಾಗ ಗಂಟೆ ಹನ್ನೆರಡು ಹದಿನಾಲ್ಕು. ಆಮೇಲೆ ಫೋನೂ ಮಾಡಿದಳು.

"ಬಂತಮ್ಮ, ಬಂತು," ಎಂದು ಹುಡುಗಿ ನಕ್ಕಳು. "ಇಷ್ಟು ಬೇಗ ಯಾರೂ ಉತ್ತರ ಕೊಟ್ಟಿಲ್ಲ."

ಅತ್ತೆಯ ಒಂದು ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವರು ಮೊದಲು ನೋಡಿದ್ದು ಮಗನನ್ನು. "ಅಯ್ಯೋ, ನಿನ್ನ ಕೂದಲು ಯಾವಾಗ ಇಷ್ಟು ಹೋಯ್ತೋ?" ಎಂದರು. ಕೂದಲಿನ ಕಂಪನಿಯವರ ಮೇಲುಗಳನ್ನೆಲ್ಲ ಅಳಿಸಿದ್ದು ತಪ್ಪಾಯಿತೇನೋ ಎಂದು ಸೊಸೆ ಹೇಳಿದಾಗ ಅವನೂ ನಗಬೇಕಾಯಿತು.

ಇನ್ನೊಂದು ಕಣ್ಣಿನದೂ ಎರಡು ತಿಂಗಳಲ್ಲಿ ಮುಗಿಯಿತು. ಕಣ್ಣು ವಾಸಿಯಾದ ಮೇಲೆ ಓದುವ ಕನ್ನಡಕ ಮಾಡಿಸಲು ಮೂವರೂ ಅಂಗಡಿಗೆ ಹೋದರು. ಅಳತೆ ತೆಗೆದು, ಪರೀಕ್ಷೆಯ ಕನ್ನಡಕವನ್ನು ಅತ್ತೆಯ ಮೂಗಿನ ಮೇಲಿಟ್ಟು, ಅಂಗಡಿಯವನು ಬಿಲ್ಲಿನ ಯಂತ್ರದ ಮೇಲೆ ಬೆರಳಿಟ್ಟುಕೊಂಡು ಕೇಳಿದ, "ನಿಮ್ಮ ಇಮೇಲ್ ಹೇಳಿ ಅಜ್ಜಿ."

ಮಗ ಬಾಯಿ ತೆರೆದ. ಅತ್ತೆ ಕೈ ಅಡ್ಡ ಹಿಡಿದರು.

"ನೀನು ಸುಮ್ಮನಿರು. ಕೊಡಮ್ಮ ಇಲ್ಲಿ ಫೋನು."

ಸೊಸೆ ಪುಟ ತೆರೆದು ಕೊಟ್ಟಳು. ಅತ್ತೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಯಾರಿಗೆ ಕೊಡುತ್ತೀರಿ? ಕನ್ನಡಕದ ಅಂಗಡಿ. ಗುಂಡಿ ಒತ್ತಿ, ಪರದೆಯನ್ನು ಮುಖಕ್ಕೆ ಹಿಡಿದುಕೊಳ್ಳದೆ, ತೊಡೆಯ ಮೇಲೇ ಇಟ್ಟುಕೊಂಡು, ಬಂದ ವಿಳಾಸವನ್ನು ಕೊನೆಯ ನಾಲ್ಕು ಅಂಕಿಗಳ ಸಮೇತ ಗಟ್ಟಿಯಾಗಿ ಓದಿದರು. ಏಳು, ಎರಡು, ಎಂಟು, ಒಂದು. ಒಂದೂ ತಪ್ಪಲಿಲ್ಲ. ಸೊಸೆ ಗೋಡೆಯ ಮೇಲಿನ ಚೌಕಟ್ಟುಗಳನ್ನು ನೋಡುವವಳಂತೆ ಆ ಕಡೆ ತಿರುಗಿಕೊಂಡಳು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಯಾರೋ ಯಾವುದೋ ಒಂದು ಮೇಲಿಗಾಗಿ ಕಾಯುತ್ತಿರಬಹುದು. ನಿಮ್ಮ ವಿಳಾಸವನ್ನು ಇದುವರೆಗೆ ಎಷ್ಟು ಕಡೆ ಕೊಟ್ಟಿದ್ದೀರಿ ಎಂದು ಒಮ್ಮೆ ಬೆರಳು ಮಡಿಸಿ ನೋಡಿ. ಬೆರಳು ಸಾಲದಿದ್ದರೆ, ತೀರಾ ಬೇಕಾದ ಒಂದು ಕಡೆಗೆ ಈ ವಾರವೇ ಬೇರೆ ವಿಳಾಸ ಕೊಡಿ. ಉಳಿದವು ನಿಧಾನಕ್ಕೆ ಆಗಲಿ. ಮೇಲ್ ಬಂದಾಗ ಯಾರಿಂದ ಎಂದು ನೋಡುವಂತೆ, ನಿಮ್ಮ ಯಾವ ವಿಳಾಸಕ್ಕೆ ಎಂದೂ ನೋಡಿ. ಅನುಮಾನವಾದರೆ ಒತ್ತಬೇಡಿ, ನಿಮಗೆ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳಿ.

ಮತ್ತೆ, ನಿಮ್ಮ ಸಂಘಕ್ಕೋ ಕಟ್ಟಡಕ್ಕೋ ಸ್ವಂತ ಸರ್ವರ್ ನಡೆಸುತ್ತಿರುವ ಪುಣ್ಯಾತ್ಮರು ನೀವಾಗಿದ್ದರೆ, ನಿಮಗೆ ಒಂದು ಮಾತು ಹೆಚ್ಚಿಗೆ. ಅಡ್ಡವಿಳಾಸ ಬೇಕಾದವರು ನಿಮ್ಮ ಬಾಗಿಲು ತಟ್ಟುವ ಹಾಗಿರಬಾರದು. ಆ ಕೆಲಸ ಯಂತ್ರಕ್ಕೆ ಒಪ್ಪಿಸಿ, ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ಯಂತ್ರದಿಂದಲೇ ಪರೀಕ್ಷೆ ಮಾಡಿಸಿ. ಕೇಳಲು ಸಂಕೋಚಪಟ್ಟು ಮೆಟ್ಟಿಲ ಕೆಳಗೇ ನಿಂತುಬಿಟ್ಟವರು ಎಷ್ಟು ಜನವೋ, ನಿಮಗೆ ಗೊತ್ತಿರುವುದಿಲ್ಲ.